ಕೈಯಲ್ಲಿರುವ ಪುಸ್ತಕದ ಹೆಸರು ಹೇಳಿ

ಕನ್ನಡದಲ್ಲಿ ಕಳೆದ ವಾರ ಅತಿ ಹೆಚ್ಚು ಓದಿಸಿಕೊಂಡ ಪುಸ್ತಕ ಯಾವುದು? ಖಚಿತವಾಗಿ ಹೇಳಬಲ್ಲವರು ನಾಡಿನಲ್ಲಿ ಯಾರೂ ಇಲ್ಲ. ಸಿನಿಮಾದ ಗಳಿಕೆ ಬಿಡುಗಡೆಯಾದ ಮರುದಿನವೇ ಸುದ್ದಿಯಾಗುತ್ತದೆ, ಧಾರಾವಾಹಿಗಳ ಟಿಆರ್‌ಪಿ ವಾರವಾರ ಬರುತ್ತದೆ, ಅಡಿಕೆ ಧಾರಣೆ ದಿನವೂ ಪೇಪರಿನಲ್ಲಿರುತ್ತದೆ. ಪುಸ್ತಕಕ್ಕೆ ಮಾತ್ರ ಅಂಥ ಲೆಕ್ಕವಿಲ್ಲ. ಒಂದೆರಡು ಮಳಿಗೆಗಳ ಪಟ್ಟಿ ಆಗೀಗ ಪತ್ರಿಕೆಗಳಲ್ಲಿ ಕಾಣುವುದುಂಟು, ಆದರೆ ಅದು ಆ ಮಳಿಗೆಯ ಲೆಕ್ಕವಷ್ಟೇ. ಮುಖಪುಟದ ಮೇಲೆ 'ಮೂರನೇ ಮುದ್ರಣ' ಎಂದಿದ್ದರೂ ಒಂದು ಮುದ್ರಣಕ್ಕೆ ಎಷ್ಟು ಪ್ರತಿ ಎಂದು ಕೇಳಿಕೊಳ್ಳಬೇಕಾಗುತ್ತದೆ. ಹಿಂದೆಲ್ಲ ಸಾವಿರ ಪ್ರತಿ ಹಾಕುತ್ತಿದ್ದ ಪ್ರಕಾಶಕರು ಈಗ ಐನೂರು, ಮುನ್ನೂರಕ್ಕೆ ಇಳಿದಿದ್ದಾರೆ. ಬೇಡಿಕೆ ಬಂದಷ್ಟೇ ಪ್ರತಿ ತೆಗೆದುಕೊಡುವ ಡಿಜಿಟಲ್ ಮುದ್ರಣವೂ ಬಂದಿದೆ.

ಇಷ್ಟಾದರೂ ಪುಸ್ತಕಗಳು ಓದುಗರ ಕೈ ಸೇರುತ್ತಿವೆ. ಟಿವಿಯಲ್ಲಿ ಜಾಹೀರಾತಿಲ್ಲ, ರಸ್ತೆಯಲ್ಲಿ ಫ್ಲೆಕ್ಸ್ ಇಲ್ಲ. ಬೀದರಿನ ಓದುಗನಿಗೆ ಕುಂದಾಪುರದ ಲೇಖಕಿಯ ಕಥಾಸಂಕಲನ ಬಂದಿದೆಯೆಂದು ಗೊತ್ತಾಗುವುದು ಇನ್ನೊಬ್ಬ ಓದುಗ ಹೇಳಿದ್ದರಿಂದ. 'ಈಗೇನು ಓದ್ತಾ ಇದ್ದೀರಿ?' ಎಂದು ಮೈಸೂರಿನಲ್ಲಿ, 'ಸದ್ಯಕ್ಕ ಏನ್ ಓದಾಕತ್ತೀರಿ?' ಎಂದು ಧಾರವಾಡದಲ್ಲಿ, 'ಈಗ ಎಂತ ಓದುದು ಮಾರಾಯ್ರೆ?' ಎಂದು ಮಂಗಳೂರಿನಲ್ಲಿ ಕೇಳುವ ಪ್ರಶ್ನೆ ಕುಶಲ ವಿಚಾರಣೆಯ ಹಾಗೆ ಕೇಳಿಸುತ್ತದೆ. ಕನ್ನಡ ಪುಸ್ತಕೋದ್ಯಮ ನಿಂತಿರುವುದು ಬಹುಮಟ್ಟಿಗೆ ಅದರ ಉತ್ತರದ ಮೇಲೆಯೇ.

ಹುಲ್ಲಿನ ಮೇಲೆ ಹರಡಿದ ಪುಸ್ತಕಗಳು

ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳದೆಯೂ ಎಲ್ಲರೂ ಉತ್ತರ ಕೊಡುವ ಜಾಗವೊಂದು ಬೆಂಗಳೂರಿನಲ್ಲಿದೆ. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಮರಗಳ ಕೆಳಗೆ ಜನ ಚಾಪೆ, ಬೆಡ್‌ಶೀಟು ಹಾಸಿಕೊಂಡು ಮೌನವಾಗಿ ಓದುತ್ತಾರೆ. ಹರ್ಷ್ ಸ್ನೇಹಾಂಶು ಮತ್ತು ಶ್ರುತಿ ಸಾಹ್ ಎಂಬ ಇಬ್ಬರು ಶುರು ಮಾಡಿದ 'ಕಬ್ಬನ್ ರೀಡ್ಸ್' ಇದು. 2023ರಲ್ಲಿ ಊರಿನ ತುಂಬ ಮಾತಾಯಿತು, ನೋಡನೋಡುತ್ತಿದ್ದಂತೆ ದೇಶದ ಬೇರೆ ಬೇರೆ ನಗರಗಳ ಪಾರ್ಕುಗಳಿಗೂ ಹಬ್ಬಿತು. ಇಲ್ಲಿ ನೋಂದಣಿ ಇಲ್ಲ, ಶುಲ್ಕವಿಲ್ಲ, ಭಾಷಣವಿಲ್ಲ, ಪುಸ್ತಕದ ಬಗ್ಗೆ ನಾಲ್ಕು ಮಾತು ಹೇಳಿ ಎನ್ನುವವರೂ ಇಲ್ಲ. ಕೊನೆಯಲ್ಲಿ ಆ ದಿನ ಬಂದವರ ಪುಸ್ತಕಗಳನ್ನೆಲ್ಲ ಒಂದೆಡೆ ಹರಡಿ ಫೋಟೊ ತೆಗೆಯುತ್ತಾರೆ.

ಆ ಫೋಟೊ ನೋಡಿದರೆ ಇಂಗ್ಲಿಷ್ ಪುಸ್ತಕಗಳೇ ಹೆಚ್ಚು. ಜಪಾನಿನ ಕಾದಂಬರಿ, ಹಣ ಉಳಿಸುವ ಪಾಠ, ಆತ್ಮಕತೆ, ಫ್ಯಾಂಟಸಿ ಎಲ್ಲ ಒಂದರ ಪಕ್ಕ ಒಂದು ಮಲಗಿರುತ್ತವೆ. ನಡುವೆ ಎಲ್ಲೋ ಕನ್ನಡ ಅಕ್ಷರದ ಮುಖಪುಟವೊಂದು ಕಂಡರೆ ಕನ್ನಡಿಗರ ಕಣ್ಣು ಅಲ್ಲಿಗೇ ಹೋಗುತ್ತದೆ. ತಂದವರು ಯಾರೆಂದು ಹುಡುಕಿ ಮಾತಾಡಿಸಬೇಕೆನಿಸುತ್ತದೆ. ಅಪರಿಚಿತರ ನಡುವೆ ಮಾತು ಶುರುವಾಗಲು ಮುಖಪುಟ ಸಾಕು.

ಅದೇ ಪಾರ್ಕಿನಲ್ಲಿ, ಕೂಗಳತೆಯಲ್ಲಿ, 1915ರಲ್ಲಿ ಕಟ್ಟಿದ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಅಲ್ಲೂ ಜನ ತಲೆ ಎತ್ತದೆ ಓದುತ್ತಿರುತ್ತಾರೆ. ಆದರೆ ಅಲ್ಲಿನ ಮೇಜುಗಳ ಮೇಲೆ ಕಾದಂಬರಿಗಿಂತ ಹೆಚ್ಚಾಗಿ ಕಾಣುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಧಾರವಾಡ, ವಿಜಯಪುರ, ಕಲಬುರಗಿ, ಬೆಂಗಳೂರಿನ ವಿಜಯನಗರ, ಎಲ್ಲಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರೂ ಇದೇ ನೋಟ. ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಎಂದು ದಪ್ಪಕ್ಷರದಲ್ಲಿ ಬರೆದ ಗೈಡುಗಳು, ಪ್ರಚಲಿತ ವಿದ್ಯಮಾನದ ಮಾಸಪತ್ರಿಕೆಗಳು, ಬಣ್ಣ ಬಣ್ಣದ ಹೈಲೈಟರ್ ಗೀಟು. ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಬಂದು ಜಾಗ ಹಿಡಿಯುವ ಈ ಹುಡುಗ ಹುಡುಗಿಯರನ್ನು ನಾವು ಓದುಗರೆಂದು ಎಣಿಸುವುದೇ ಇಲ್ಲ. ಆದರೆ ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಂಪನಿಂದ ದೇವನೂರ ಮಹಾದೇವರವರೆಗೆ ಇಸವಿ ಸಮೇತ ಬಾಯಿಪಾಠ ಮಾಡಿರುವವರು ಇವರೇ. ಒಂದು ಅಂಕದ ಪ್ರಶ್ನೆಯಾಗಿ 'ಕುಸುಮಬಾಲೆ'ಯ ಹೆಸರು ಗೊತ್ತಿರುವ ಹುಡುಗನ ಕೈಗೆ ಆ ಪುಸ್ತಕವನ್ನೇ ಕೊಡುವವರು ಬೇಕು. ಪಕ್ಕದಲ್ಲಿ ಕೂತವರು ಓದುತ್ತಿರುವುದನ್ನು ತೋರಿಸಿದರೂ ಸಾಕು.

ಹೆಗಲ ಮೇಲೆ ಹೊತ್ತವರು, ಚಂದಾ ಕಟ್ಟಿದವರು

ಓದುಗನಿಂದ ಓದುಗನಿಗೆ ಪುಸ್ತಕ ದಾಟಿಸುವ ಕೆಲಸ ಕನ್ನಡಕ್ಕೆ ಹೊಸದಲ್ಲ. ವೆಂಕಟೇಶ ತಿರಕೊ ಕುಲಕರ್ಣಿ ಎಂಬ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿಸಿ, ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಮರಾಠಿ ಓದೇ ಹೆಚ್ಚಾಗಿದ್ದ ಅಂದಿನ ಮುಂಬೈ ಕರ್ನಾಟಕದಲ್ಲಿ ಕನ್ನಡದಲ್ಲಿ ಓದಬಹುದು ಎಂಬುದನ್ನೇ ಮನೆ ಬಾಗಿಲಿಗೆ ಹೋಗಿ ಮನವರಿಕೆ ಮಾಡಬೇಕಿತ್ತು. 'ಮಾಧವ ಕರುಣಾ ವಿಲಾಸ'ವನ್ನು ಒಂದು ಮನೆಯವರು ಕೊಂಡರೆ ಓಣಿಯ ನಾಲ್ಕು ಮನೆಯವರು ಓದುವ ಕಾಲ ಅದು.

1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿ ಶುರು ಮಾಡಿದ ಮನೋಹರ ಗ್ರಂಥಮಾಲಾ ಇನ್ನೊಂದು ದಾರಿ ಹಿಡಿಯಿತು. ಓದುಗರು ಮೊದಲೇ ವಾರ್ಷಿಕ ಚಂದಾ ಕಟ್ಟಬೇಕು, ವರ್ಷದಲ್ಲಿ ಬರುವ ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಯಾವ ಪುಸ್ತಕ ಎಂದು ಮುಂಚೆ ಗೊತ್ತಿರುತ್ತಿರಲಿಲ್ಲ. ಪ್ರಕಾಶಕರ ಮೇಲೆ ನಂಬಿಕೆಯಿಟ್ಟು ಹಣ ಕಳಿಸುವ ಪದ್ಧತಿ ಇದು. 1961ರಲ್ಲಿ ಹಾಗೆ ಅಂಚೆಯಲ್ಲಿ ಹೋದ ಪುಸ್ತಕಗಳಲ್ಲಿ ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ'ಯೂ ಇತ್ತು. ಹೆಸರೇ ಕೇಳಿರದ ಹುಡುಗನ ನಾಟಕ ಒಂದೇ ಸಲಕ್ಕೆ ಅಷ್ಟು ಮನೆಗಳಿಗೆ ತಲುಪಿದ್ದು ಚಂದಾದಾರರ ಪಟ್ಟಿಯ ಬಲದಿಂದ. ಸುಭಾಸ ರಸ್ತೆಯ ಮಾಳಿಗೆಯಲ್ಲಿರುವ ಗ್ರಂಥಮಾಲೆಯ ಕಚೇರಿಗೆ 'ಅಟ್ಟ' ಎಂದೇ ಹೆಸರು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯಂಥವರು ಅಲ್ಲಿ ಕೂತು ಏನು ಓದಿದೆ, ಏನು ಓದಬೇಕು ಎಂದು ನಡೆಸುತ್ತಿದ್ದ ಹರಟೆಯೇ ಎಷ್ಟೋ ಪುಸ್ತಕಗಳ ಹುಟ್ಟಿಗೆ ಕಾರಣವಾಯಿತು.

ಮಾತಿನ ಮೂಲಕ ಓದು ಹಂಚಿಕೊಳ್ಳುವುದು ಇದಕ್ಕಿಂತ ಹಳೆಯ ರೂಢಿ. ಹಳ್ಳಿಯ ಚಾವಡಿಯಲ್ಲಿ ಒಬ್ಬರು ಗದುಗಿನ ಭಾರತವನ್ನೋ ಜೈಮಿನಿಯನ್ನೋ ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಉತ್ತರ ಕರ್ನಾಟಕದ ಮಠಗಳಲ್ಲಿ ಶ್ರಾವಣಕ್ಕೆ ಪುರಾಣ ಹಚ್ಚುವ ಪದ್ಧತಿ ಇಂದಿಗೂ ಇದೆ. ಸಂಜೆ ಹೊಲದಿಂದ ಬಂದವರು ಉಂಡು ಮಠದ ಅಂಗಳಕ್ಕೆ ಬಂದು ಕೂರುತ್ತಾರೆ. ಅಕ್ಷರ ಬಾರದವರಿಗೂ ನಿನ್ನೆ ಕತೆ ಎಲ್ಲಿಗೆ ನಿಂತಿತ್ತು ಎಂಬುದು ನೆನಪಿರುತ್ತದೆ. ತಿಂಗಳಿಡೀ ಊರಿಗೆ ಊರೇ ಒಂದೇ ಪುಸ್ತಕ ಓದುತ್ತಿರುತ್ತದೆ.

ಮುಂದಿನ ವಾರಕ್ಕೆ ಕಾಯುತ್ತಿದ್ದವರು

ವಾರಪತ್ರಿಕೆಗಳು ಬಂದ ಮೇಲೆ ಈ ಅಂಗಳ ನಾಡಿನಷ್ಟು ದೊಡ್ಡದಾಯಿತು. 'ಸುಧಾ' 1965ರಲ್ಲಿ, 'ತರಂಗ' 1983ರಲ್ಲಿ ಬಂದವು. ಅವಕ್ಕೂ ಮೊದಲು 'ಕರ್ಮವೀರ', 'ಪ್ರಜಾಮತ' ಇದ್ದವು. ಧಾರಾವಾಹಿಯ ಕಂತು ಬರುವ ದಿನ ಮನೆಯಲ್ಲಿ ಯಾರು ಮೊದಲು ಓದಬೇಕೆಂಬ ಜಗಳ ನೋಡಿ ಬೆಳೆದವರು ಇಂದು ಐವತ್ತು ದಾಟಿದ್ದಾರೆ. ಎಲ್ಲರೂ ಒಂದೇ ವಾರ ಒಂದೇ ಪುಟದಲ್ಲಿ ನಿಂತಿದ್ದರಿಂದ ಬಾವಿಕಟ್ಟೆಯಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ರೈಲಿನಲ್ಲಿ ಮಾತಿಗೆ ಬರವಿರಲಿಲ್ಲ. 1956ರಲ್ಲಿ ಶುರುವಾದ ಹುಬ್ಬಳ್ಳಿಯ 'ಕಸ್ತೂರಿ' ತನ್ನ 'ಪುಸ್ತಕ ವಿಭಾಗ'ದಲ್ಲಿ ಇಡೀ ಪುಸ್ತಕವೊಂದನ್ನು ಸಂಗ್ರಹಿಸಿ ಕೊಡುತ್ತಿತ್ತು. ಸುತ್ತಮುತ್ತ ಪುಸ್ತಕದಂಗಡಿಯಿಲ್ಲದ ಊರುಗಳಿಗೆ ದೇಶವಿದೇಶದ ಪುಸ್ತಕಗಳ ಸುದ್ದಿ ತಲುಪಿದ್ದು ಹಾಗೆ.

ಬೀದಿ ತುದಿಯ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕತೆ ಇನ್ನೂ ಸ್ವಾರಸ್ಯ. ದಿನಕ್ಕಿಷ್ಟು ಎಂದು ಬಾಡಿಗೆ ಕೊಟ್ಟು ತ್ರಿವೇಣಿ, ಎಂ.ಕೆ. ಇಂದಿರಾ, ಅನಕೃ, ತರಾಸು, ಸಾಯಿಸುತೆ, ಉಷಾ ನವರತ್ನರಾಂ ಅವರನ್ನು ಓದಿದ ಹೆಣ್ಣುಮಕ್ಕಳಿಗೆ ಲೆಕ್ಕವಿಲ್ಲ. ಯಂಡಮೂರಿ ವೀರೇಂದ್ರನಾಥ್ ಅವರ 'ತುಳಸಿದಳ' ತೆಲುಗಿನಿಂದ ಬಂದು ಕನ್ನಡದ ಮನೆಗಳಲ್ಲಿ ನಿದ್ದೆ ಕೆಡಿಸಿತು. ಆ ಲೈಬ್ರರಿ ಪುಸ್ತಕಗಳಲ್ಲಿ ಓದುಗರು ತಮ್ಮ ಗುರುತು ಬಿಟ್ಟಿರುತ್ತಿದ್ದರು. ಈಗಾಗಲೇ ಓದಿದ್ದೇನೆಂದು ಮುಂದೆ ತಿಳಿಯಲಿ ಎಂದು ಯಾವುದೋ ಒಂದು ಪುಟದ ಮೂಲೆಯಲ್ಲಿ ಚುಕ್ಕಿ, ನಕ್ಷತ್ರ, ಇನಿಷಿಯಲ್. ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ 'ಚೆನ್ನಾಗಿದೆ', ಅದರ ಕೆಳಗೆ ಬೇರೆ ಕೈಬರಹದಲ್ಲಿ 'ಸುಳ್ಳು'. ಒಬ್ಬರನ್ನೊಬ್ಬರು ನೋಡದ ಓದುಗರ ನಡುವೆ ನಡೆದ ವಾದ ಅದು. ಈ ಹೆಣ್ಣುಮಕ್ಕಳ ಓದನ್ನು ಸಾಹಿತ್ಯ ವಿಮರ್ಶೆ ಬಹುಕಾಲ ಹಗುರವಾಗಿ ಕಂಡಿತು. ಆದರೆ ಪುಸ್ತಕ ಕೈಯಲ್ಲಿ ಹಿಡಿಯುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದವರಲ್ಲಿ ಈ ಅಮ್ಮಂದಿರು, ಅತ್ತೆಯಂದಿರು ಮುಂಚೂಣಿಯಲ್ಲಿದ್ದಾರೆ.

ಬಾಯಿಮಾತಿನ ಬಲ

ಬಾಯಿಮಾತು ಏನು ಮಾಡಬಲ್ಲದು ಎಂಬುದಕ್ಕೆ ಎರಡು ಪುಸ್ತಕಗಳನ್ನು ನೋಡಬಹುದು. ಎಸ್.ಎಲ್. ಭೈರಪ್ಪನವರ 'ಆವರಣ' 2007ರಲ್ಲಿ ಬಂದಾಗ ಮೊದಲ ಮುದ್ರಣ ಬಿಡುಗಡೆಗೆ ಮುನ್ನವೇ ಮುಗಿದಿತ್ತೆಂಬ ಮಾತು ಪುಸ್ತಕ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ದೇವನೂರ ಮಹಾದೇವ ಅವರ 'ಆರ್‌ಎಸ್‌ಎಸ್: ಆಳ ಮತ್ತು ಅಗಲ' 2022ರಲ್ಲಿ ಬಂದಾಗ ಹಲವು ಪ್ರಕಾಶಕರು ಒಟ್ಟೊಟ್ಟಿಗೆ ಅಚ್ಚು ಹಾಕಿದರು. ಎರಡೂ ಪುಸ್ತಕಗಳ ವಿಚಾರ ಒಂದಕ್ಕೊಂದು ಎದುರುಬದುರು. ಒಂದನ್ನು ಮೆಚ್ಚಿದವರು ಇನ್ನೊಂದನ್ನು ಮುಟ್ಟದಿರುವ ಸಂಭವವೇ ಹೆಚ್ಚು. ಆದರೆ ಎರಡೂ ಬೆಳೆದ ದಾರಿ ಒಂದೇ: ಓದಿದವರು ಸುಮ್ಮನಿರಲಿಲ್ಲ. ಹೊಗಳಿದರು, ಜಗಳವಾಡಿದರು, ನೀನೂ ಓದು ಎಂದು ಪ್ರತಿ ಕೊಟ್ಟರು.

ಗದ್ದಲವಿಲ್ಲದೆ ಹೀಗೇ ಹಬ್ಬುತ್ತಿರುವವರು ಪೂರ್ಣಚಂದ್ರ ತೇಜಸ್ವಿ. ಅವರು ತೀರಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. 1980ರ 'ಕರ್ವಾಲೊ' ಇಂದಿಗೂ ಹೊಸ ಓದುಗರಿಗೆ ಹಿರಿಯರು ಕೊಡುವ ಮೊದಲ ಪುಸ್ತಕ. ಕಾಲೇಜಿನ ಹುಡುಗರನ್ನು ಏನು ಓದುತ್ತಿದ್ದೀರಿ ಎಂದು ಕೇಳಿದರೆ 'ಜುಗಾರಿ ಕ್ರಾಸ್', 'ಪರಿಸರದ ಕತೆ', 'ಚಿದಂಬರ ರಹಸ್ಯ' ಇವುಗಳಲ್ಲಿ ಒಂದರ ಹೆಸರು ಬಂದೇ ಬರುತ್ತದೆ. ಓದಿ ಮುಗಿಸಿದವರು ಬೈಕು ಹತ್ತಿ ತೇಜಸ್ವಿ ಬದುಕಿದ್ದ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೊರಡುವುದೂ ಉಂಟು. ವಸುಧೇಂದ್ರರ 'ತೇಜೋ ತುಂಗಭದ್ರಾ' 2019ರಲ್ಲಿ ಬಂತು. ಲಿಸ್ಬನ್ನಿನಿಂದ ವಿಜಯನಗರದವರೆಗೆ ಹರಡಿದ ಈ ದಪ್ಪ ಕಾದಂಬರಿಯನ್ನು, ಇಷ್ಟು ದಪ್ಪದ ಪುಸ್ತಕ ಈಗ ಯಾರು ಓದುತ್ತಾರೆ ಎಂಬ ಕಾಲದಲ್ಲಿಯೂ ಜನ ಒಬ್ಬರಿಗೊಬ್ಬರು ಹೇಳಿ ಓದಿಸಿದರು.

2025ರ ಮೇ ತಿಂಗಳಲ್ಲಿ ನಡೆದದ್ದು ಬೇರೆಯೇ ಪ್ರಕರಣ. ಹಾಸನದ ಬಾನು ಮುಷ್ತಾಕ್ ಅವರ ಹನ್ನೆರಡು ಕತೆಗಳನ್ನು ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಕನ್ನಡಕ್ಕೆ ಇದು ಮೊದಲು, ಕಥಾಸಂಕಲನವೊಂದಕ್ಕೆ ಆ ಬಹುಮಾನ ಬಂದದ್ದೂ ಮೊದಲು. ಆ ಕತೆಗಳು 1990ರಿಂದ ಮುಂದಿನ ಮೂರು ದಶಕಗಳಲ್ಲಿ ಕನ್ನಡದಲ್ಲಿ ಬಂದಿದ್ದವು. ಅವುಗಳಲ್ಲೊಂದಾದ 'ಕರಿ ನಾಗರಗಳು' ಕತೆಯನ್ನು ಗಿರೀಶ ಕಾಸರವಳ್ಳಿ 2004ರಲ್ಲಿ 'ಹಸೀನಾ' ಎಂಬ ಸಿನಿಮಾ ಮಾಡಿದ್ದರು. ಆದರೂ ಬಹುಮಾನ ಬಂದ ದಿನ ಎಷ್ಟೋ ಕನ್ನಡಿಗರು ಕೇಳಿದ ಮೊದಲ ಪ್ರಶ್ನೆ, ಇದು ಕನ್ನಡದಲ್ಲಿ ಎಲ್ಲಿ ಸಿಗುತ್ತದೆ ಎಂದು. ನಮ್ಮ ಮಗ್ಗುಲಲ್ಲೇ ಇದ್ದ ಪುಸ್ತಕದ ಹೆಸರು ಲಂಡನ್ನಿಗೆ ಹೋಗಿ ವಾಪಸು ಬರಬೇಕಾಯಿತು. ಮೊದಲೇ ಓದಿದ್ದವರು ಆಗಲೇ ಇನ್ನಷ್ಟು ಜನಕ್ಕೆ ಹೇಳಿದ್ದರೆ ಆ ಪ್ರಶ್ನೆ ಅಷ್ಟು ಜೋರಾಗಿ ಏಳುತ್ತಿರಲಿಲ್ಲ.

ಉತ್ತರಗಳಲ್ಲಿ ಎಷ್ಟು ಬಗೆ

ಏನು ಓದುತ್ತಿದ್ದೀರಿ ಎಂದಾಗ ಬರುವ ಉತ್ತರಗಳನ್ನು ಗಮನಿಸಿದರೆ ಓದಿನ ನಿಜವಾದ ಚಹರೆ ಕಾಣುತ್ತದೆ. ಹೊಸ ಪುಸ್ತಕ ಓದುವವರಷ್ಟೇ ಹಳೆಯದನ್ನು ಮತ್ತೆ ಓದುವವರು ಇದ್ದಾರೆ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಮಳೆಗಾಲಕ್ಕೊಮ್ಮೆ ತೆಗೆಯುವವರು, 1979ರ 'ಪರ್ವ'ವನ್ನು ನಿವೃತ್ತಿಯ ನಂತರ ಎರಡನೆಯ ಸಲ ಹಿಡಿದು ಇದು ತಾರುಣ್ಯದಲ್ಲಿ ಓದಿದ ಪುಸ್ತಕವೇ ಅಲ್ಲ ಎನ್ನುವವರು ಸಿಗುತ್ತಾರೆ. 'ಮಂಕುತಿಮ್ಮನ ಕಗ್ಗ'ದ ಓದು ಮುಗಿಯುವುದೇ ಇಲ್ಲ. ಹಾಸಿಗೆ ಪಕ್ಕದಲ್ಲಿ ಅದು ಇದ್ದೇ ಇರುತ್ತದೆ, ಏನು ಓದುತ್ತಿದ್ದೀರಿ ಎಂದರೆ ಅದರ ಹೆಸರು ಹೇಳಬೇಕೆಂದು ಹೊಳೆಯುವುದೂ ಇಲ್ಲ.

ಅರ್ಧಕ್ಕೆ ನಿಲ್ಲಿಸಿದವರದು ಇನ್ನೊಂದು ಗುಂಪು, ಬಹುಶಃ ಅತಿ ದೊಡ್ಡ ಗುಂಪು. ಮೂವತ್ತು ಪುಟಕ್ಕೆ ನಿಂತ ಪುಸ್ತಕದ ಹೆಸರು ಹೇಳಲು ಸಂಕೋಚಪಡುತ್ತಾರೆ. ಪಡಬೇಕಿಲ್ಲ. ಯಾವ ಪುಟದಲ್ಲಿ, ಯಾಕೆ ನಿಂತಿತು ಎಂಬುದು ಕೇಳುವವರಿಗೆ ಉಪಯುಕ್ತ ಮಾಹಿತಿ. ಮೊದಲ ಐವತ್ತು ಪುಟ ಗಟ್ಟಿ ಮನಸ್ಸಿನಿಂದ ದಾಟು, ಆಮೇಲೆ ಅದೇ ಎಳೆದುಕೊಂಡು ಹೋಗುತ್ತದೆ ಎಂದು ಯಾರೋ ಹೇಳಿದ್ದರಿಂದಲೇ ಎಷ್ಟೋ ಜನ ದೊಡ್ಡ ಕಾದಂಬರಿಗಳ ಕೊನೆ ಕಂಡಿದ್ದಾರೆ.

ಪುಸ್ತಕವನ್ನು ಕಿವಿಯಲ್ಲಿ ಕೇಳುವವರು ಮೂರನೆಯವರು. ಮೈಲ್ಯಾಂಗ್, ಸ್ಟೋರಿಟೆಲ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕಗಳು ಧ್ವನಿಯಾಗಿ ಸಿಗುತ್ತವೆ. ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿಕೊಂಡು ನಿಂತವರೆಲ್ಲ ಹಾಡು ಕೇಳುತ್ತಿದ್ದಾರೆ ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ಕನ್ನಡಿಗರಿಗೆ ಅಚ್ಚಾದ ಪುಸ್ತಕ ತರಿಸಿಕೊಳ್ಳುವ ಖರ್ಚು ಪುಸ್ತಕದ ಬೆಲೆಗಿಂತ ಹೆಚ್ಚು. ಅಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಆ ಮನೆಗಳಿಗೆ ಕನ್ನಡ ಸಾಹಿತ್ಯ ಕಿವಿಯ ಮೂಲಕವೇ ಹೋಗಬೇಕು. ಕೇಳಿದ್ದು ಓದಿದಂತಾಯಿತೇ ಎಂಬ ವಾದಕ್ಕೆ ಪುರಾಣ ಹಚ್ಚಿ ಕೇಳಿದ ನಾಡಿನಲ್ಲಿ ಅರ್ಥವಿಲ್ಲ.

ಇನ್ನು ಮಕ್ಕಳು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಸುಪರ್ದಿಗೆ ಬಂದ ಮೇಲೆ, 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಹಳ್ಳಿಯ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ ಕಾಲ ಅದು. ಈಗ 'ಅರಿವು ಕೇಂದ್ರ' ಎನಿಸಿಕೊಂಡಿರುವ ಇಂಥ ಗ್ರಂಥಾಲಯಗಳು ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿವೆ. ಎಲ್ಲ ಕಡೆ ಒಂದೇ ಸಮ ಅಲ್ಲ. ಕೆಲವು ಕಡೆ ಗೋಡೆಗೆ ಚಿತ್ರ ಬರೆಸಿ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ, ಕೆಲವು ಕಡೆ ಬೀಗವೇ ಹೆಚ್ಚು ಹೊತ್ತು ಕಾಣುತ್ತದೆ. ಆದರೆ ಚೆನ್ನಾಗಿ ನಡೆಯುವ ಕಡೆ ಮಕ್ಕಳನ್ನು ಏನು ಓದಿದೆ ಎಂದು ಕೇಳಿ ನೋಡಿ. ಅವರು ಲೇಖಕರ ಹೆಸರು ಹೇಳುವುದಿಲ್ಲ, ಪೂರಾ ಕತೆಯನ್ನೇ ಹೇಳಿಬಿಡುತ್ತಾರೆ. ದೊಡ್ಡವರಾಗುತ್ತ ನಾವು ಲೇಖಕರ ಹೆಸರು ಕಲಿತೆವು, ಕತೆ ಹೇಳುವುದನ್ನು ಬಿಟ್ಟೆವು.

ಹೇಳುವ ರೀತಿ

ಹಂಚಿಕೊಳ್ಳುವುದರಲ್ಲೂ ಹುಳುಕುಗಳಿವೆ. ಕಾಫಿ ಲೋಟದ ಪಕ್ಕ ಪುಸ್ತಕವಿಟ್ಟು ತೆಗೆದ ಫೋಟೊದಲ್ಲಿ ಓದುವುದಕ್ಕಿಂತ ಓದುಗನಾಗಿ ಕಾಣುವ ಆಸೆಯೇ ಹೆಚ್ಚಿರಬಹುದು. ಇರಲಿ, ಅದರಿಂದ ಯಾರಿಗೂ ಕೇಡಿಲ್ಲ. ಆ ಫೋಟೊ ನೋಡಿ ಪುಸ್ತಕ ಕೊಂಡವರು ಪುಟ ತೆರೆದಾರು. ವರ್ಷಕ್ಕೆ ಇಷ್ಟು ಪುಸ್ತಕ ಎಂದು ಲೆಕ್ಕ ಇಟ್ಟು ಓಡುವುದು ಕೊಂಚ ಆಯಾಸದ ಕೆಲಸ. ಆ ಲೆಕ್ಕಕ್ಕಾಗಿ ದಪ್ಪ ಪುಸ್ತಕಗಳನ್ನು ಮುಟ್ಟದವರೂ ಇದ್ದಾರೆ. ಗೆಳೆಯರೆಂದು ಎಲ್ಲ ಬಿಡುಗಡೆಗಳಿಗೂ 'ಓದಲೇಬೇಕಾದ ಕೃತಿ' ಎಂದು ಬರೆಯುವುದು ಇದಕ್ಕಿಂತ ಹಾನಿಕರ. ವಾರಕ್ಕೆ ಮೂರು ಓದಲೇಬೇಕಾದ ಕೃತಿ ಬಂದರೆ ಓದುಗ ಯಾವುದನ್ನೂ ನಂಬುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಕೇಡು ಪಿಡಿಎಫ್. ಪುಸ್ತಕದ ಹೆಸರು ಹೇಳಿದ ಕೂಡಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಬ್ಬರು ಅದರ ಸ್ಕ್ಯಾನ್ ಪ್ರತಿ ಹಾಕುತ್ತಾರೆ, ಇಪ್ಪತ್ತು ಜನ ಕೈಮುಗಿಯುತ್ತಾರೆ. ಅವರಲ್ಲಿ ಓದುವವರು ಒಬ್ಬರೋ ಇಬ್ಬರೋ. ಮುನ್ನೂರು ಪ್ರತಿಯ ಮುದ್ರಣ ನಡೆಯುವ ಭಾಷೆಯಲ್ಲಿ ಇಪ್ಪತ್ತು ಪ್ರತಿಯ ನಷ್ಟ ಎಂದರೆ ಹದಿನೈದರಲ್ಲಿ ಒಂದು ಭಾಗ. ಲೇಖಕರ ಗೌರವಧನ, ಪ್ರಕಾಶಕರು ಮುಂದಿನ ಪುಸ್ತಕಕ್ಕೆ ಹಾಕುವ ಬಂಡವಾಳ ಎರಡೂ ಅಲ್ಲೇ ಸೋರಿಹೋಗುತ್ತವೆ. ಕೊಳ್ಳಲಾಗದವರಿಗೆ ಗ್ರಂಥಾಲಯವಿದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ಹೋಗುತ್ತದೆ. ಆ ಹಣದ ಪುಸ್ತಕ ನಮ್ಮದೇ. ಬೇಕಾದದ್ದು ಅಲ್ಲಿಲ್ಲದಿದ್ದರೆ ತರಿಸಿ ಎಂದು ಬರೆದುಕೊಡುವ ಹಕ್ಕೂ ನಮ್ಮದೇ.

ಹಾಗಾದರೆ ಚೆನ್ನಾಗಿ ಹೇಳುವುದು ಎಂದರೆ ಹೇಗೆ? ಪುಸ್ತಕದ ಹೆಸರಿನ ಜೊತೆ ಲೇಖಕರ ಹೆಸರು, ಅನುವಾದವಾದರೆ ಅನುವಾದಕರ ಹೆಸರು, ಪ್ರಕಾಶಕರ ಹೆಸರು ಹೇಳಬೇಕು. ಕೇಳಿದವರು ಅಂಗಡಿಗೆ ಹೋಗಿ ಕೇಳಬೇಕಾದ ಮಾಹಿತಿ ಅದು. ಇಷ್ಟವಾಗಿದ್ದರೆ ಯಾಕೆಂದು ಒಂದೇ ಒಂದು ಕಾರಣ ಕೊಡಿ. ಅದ್ಭುತ, ಅಮೋಘ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಇದರಲ್ಲಿ ಬರುವ ಅಜ್ಜಿ ನಮ್ಮೂರಿನವಳ ಹಾಗೇ ಬೈಯುತ್ತಾಳೆ ಎಂದರೆ ಕೇಳಿದವರಿಗೆ ಪುಸ್ತಕ ಕಣ್ಣಿಗೆ ಕಟ್ಟುತ್ತದೆ. ಕತೆಯ ಕೊನೆ ಮಾತ್ರ ಹೇಳಬೇಡಿ. ಇಷ್ಟವಾಗದಿದ್ದರೆ ಅದನ್ನೂ ಕಾರಣ ಸಮೇತ ಹೇಳಿ. ನೀವು ಬೈದ ಪುಸ್ತಕವನ್ನು ಹುಡುಕಿಕೊಂಡು ಹೋಗಿ ಓದುವವರು ಇದ್ದೇ ಇರುತ್ತಾರೆ. ಎದುರಿಗಿರುವವರು ಯಾರೆಂದು ನೋಡಿ ಹೇಳಿ. ಹತ್ತನೇ ತರಗತಿ ಮುಗಿಸಿದವನಿಗೆ ತೇಜಸ್ವಿ, ಪರೀಕ್ಷೆಗೆ ಕೂತು ದಣಿದವಳಿಗೆ ಒಂದು ತೆಳು ಕಥಾಸಂಕಲನ, ಮೊಬೈಲಿನಿಂದ ಕಣ್ಣು ತೆಗೆಯದ ಅಪ್ಪನಿಗೆ ಅವರು ಹುಡುಗರಾಗಿದ್ದಾಗ ಧಾರಾವಾಹಿಯಾಗಿ ಓದಿದ್ದ ಹಳೆಯ ಕಾದಂಬರಿ.

ಈ ಭಾನುವಾರ ಮನೆಗೆ ಯಾರಾದರೂ ಬಂದರೆ, ಅಥವಾ ನೀವೇ ಯಾರ ಮನೆಗಾದರೂ ಹೋದರೆ, ಮಳೆ ಬೆಳೆ ಆರೋಗ್ಯ ವಿಚಾರಿಸಿದ ಮೇಲೆ ಈ ಪ್ರಶ್ನೆಯನ್ನೂ ಕೇಳಿ. ಅವರು ಕೇಳಿದರೆ ಕೈಯಲ್ಲಿರುವ ಪುಸ್ತಕದ ಹೆಸರು ಹೇಳಿ, ಅರ್ಧವೇ ಓದಿದ್ದರೂ ಹೇಳಿ. ಫೈಲ್ ಕಳಿಸಬೇಡಿ. ನಿಮ್ಮ ಪ್ರತಿಯನ್ನೇ ಕೊಡಿ, ಕೊಟ್ಟದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಓದಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ ಹೇಳಲು ಅವರಿಗೂ ತಿಳಿಸಿ. ಕನ್ನಡ ಪುಸ್ತಕಕ್ಕೆ ಇದಕ್ಕಿಂತ ನಂಬಬಹುದಾದ ಜಾಹೀರಾತು ಇನ್ನೊಂದಿಲ್ಲ.